ನಾಲ್ಕು ಮನೆಗಳ ಕಾಗದಪತ್ರ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆ ಕಟ್ಟುವುದರ ಕಷ್ಟವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಕಟ್ಟಿದ ಮನೆಯನ್ನು ಇನ್ನೊಬ್ಬರಿಂದ ಕೊಳ್ಳುವುದರಲ್ಲಿ, ಕೊಂಡ ಮೇಲೆ ಅದನ್ನು ಉಳಿಸಿಕೊಳ್ಳುವುದರಲ್ಲಿ ಎಂತಹ ತೊಡಕುಗಳಿವೆ ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಗೋಡೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ. ಕಾಗದದಲ್ಲಿ ಬಿರುಕಿದ್ದರೆ ಇಪ್ಪತ್ತು ವರ್ಷವಾದರೂ ಕಾಣುವುದಿಲ್ಲ. ಕಂಡ ದಿನ ಮಾತ್ರ ಮನೆಮಂದಿಗೆಲ್ಲ ನಿದ್ರೆ ಹಾರಿಹೋಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಮನೆಯಲ್ಲಿಯೇ ಕಲಿತೆನು.

ವಿದ್ಯಾರ್ಥಿನಿಲಯದ ನಮ್ಮ ಕೊಠಡಿಯಲ್ಲಿ ನಾಲ್ವರಿದ್ದೇವೆ. ನಾನು ಚನ್ನಗಿರಿಯವನು. ಉಳಿದವರಲ್ಲಿ ಒಬ್ಬನು ಹೊನ್ನಾಳಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯವನು, ಇನ್ನೊಬ್ಬನು ಜಗಳೂರಿನವನು, ಮತ್ತೊಬ್ಬನು ನ್ಯಾಮತಿ ಕಡೆಯ ತಾಂಡಾದವನು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯಂತೂ ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ನಮ್ಮಲ್ಲಿ ಭದ್ರಾ ನಾಲೆಯ ನೀರು, ಅಡಿಕೆಯ ತೋಟ. ಜಗಳೂರಿನವನಿಗೆ ಮುಗಿಲನ್ನು ನೋಡಿ ಬಿತ್ತುವ ಹೊಲ. ಇಷ್ಟು ಭೇದವಿದ್ದರೂ ಒಂದು ರಾತ್ರಿ ಮಾತಿಗೆ ಮಾತು ಬೆಳೆದು, ನಾಲ್ವರ ಮನೆಗೂ ಕಾಗದದ ತಕರಾರು ಒಂದಲ್ಲ ಒಂದು ಇದೆ ಎಂಬುದು ಹೊರಬಿತ್ತು. ಅಂದಿನಿಂದ ನಾನು ಸಂಬಂಧಪಟ್ಟ ಕಾಯಿದೆಗಳನ್ನು ಗ್ರಂಥಾಲಯದಲ್ಲಿ ಓದಿ, ನಮ್ಮೂರಿನ ವಕೀಲರೊಬ್ಬರನ್ನು ಕೇಳಿ, ತಿಳಿದಷ್ಟನ್ನು ಬರೆದುಕೊಂಡೆನು. ನಾನು ಕಲಾ ವಿಭಾಗದ ವಿದ್ಯಾರ್ಥಿಯೇ ಹೊರತು ಕಾನೂನು ಪಂಡಿತನಲ್ಲ. ಹಣ ಕೊಡುವ ಮೊದಲು ವಕೀಲರಿಗೆ ಕಾಗದ ತೋರಿಸುವುದನ್ನು ಈ ಲೇಖನ ತಪ್ಪಿಸಲಾರದು. ಅವರಲ್ಲಿ ಏನನ್ನು ಕೇಳಬೇಕೆಂಬುದನ್ನು ತಿಳಿಸಿದರೆ ಸಾಕು.

ನೋಂದಣಿ ಪತ್ರಕ್ಕೆ, ಹಕ್ಕಿಗಲ್ಲ

ಎಲ್ಲಕ್ಕಿಂತ ಮೊದಲು ಒಂದು ಮೂಲತತ್ತ್ವವನ್ನು ಅರಿಯಬೇಕು. “ರಿಜಿಸ್ಟರ್ ಆಗಿದೆ, ಇನ್ನೇನು ಭಯ?” ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಈ ಮಾತು ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ನಿಜ. ನಮ್ಮಲ್ಲಿ ಅರ್ಧ ಮಾತ್ರ ನಿಜ.

ಇಂಗ್ಲೆಂಡಿನಲ್ಲಿ 1862ರಲ್ಲಿಯೇ ಭೂ ನೋಂದಣಿ ಇಲಾಖೆ ಆರಂಭವಾಯಿತು. 1990ರ ಡಿಸೆಂಬರ್ 1ರಿಂದ ಆ ದೇಶದ ಎಲ್ಲ ಭಾಗಗಳಲ್ಲಿಯೂ ಮಾರಾಟವಾದ ಮನೆಯನ್ನು ಅಲ್ಲಿ ನೋಂದಾಯಿಸಲೇಬೇಕೆಂದಾಯಿತು. ಆ ಪುಸ್ತಕದಲ್ಲಿ ಬರೆಯುವುದು ಒಡೆತನವನ್ನೇ. ಯಾರ ಹೆಸರು ಅಲ್ಲಿದೆಯೋ ಅವನೇ ಒಡೆಯನೆಂದು ಸರ್ಕಾರ ಹೊಣೆ ಹೊರುತ್ತದೆ. ತಪ್ಪಿನಿಂದ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡುವ ಏರ್ಪಾಡೂ ಉಂಟು. ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ಆ ಪುಸ್ತಕವನ್ನು ನೋಡಬಹುದು.

ನಮ್ಮ 1908ರ ನೋಂದಣಿ ಕಾಯಿದೆಯಾದರೋ ಪತ್ರವನ್ನು ನೋಂದಾಯಿಸುತ್ತದೆ. ಪತ್ರ ಬರೆದುಕೊಟ್ಟವನು ಇವನೇ ಹೌದೆ, ತಾನಾಗಿ ಒಪ್ಪಿ ಬರೆದುಕೊಟ್ಟನೆ, ಛಾಪಾ ಶುಲ್ಕ ಸಲ್ಲಿದೆಯೆ ಎಂಬುದನ್ನು ಉಪನೋಂದಣಾಧಿಕಾರಿಗಳು ನೋಡುತ್ತಾರೆ. ಭಾವಚಿತ್ರ, ಹೆಬ್ಬೆರಳ ಗುರುತು ತೆಗೆದುಕೊಳ್ಳುತ್ತಾರೆ. ಆದರೆ ಮಾರುವವನಿಗೆ ಆ ಮನೆಯ ಮೇಲೆ ನಿಜವಾಗಿ ಪೂರ್ಣ ಹಕ್ಕಿದೆಯೆ ಎಂಬ ತೀರ್ಪನ್ನು ಆ ಕಚೇರಿ ಕೊಡುವುದಿಲ್ಲ. ತನ್ನಲ್ಲಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಅರ್ಧ ಹಕ್ಕಿನವನು ಬರೆದುಕೊಟ್ಟ ಕ್ರಯಪತ್ರ ನೋಂದಣಿಯಾದರೂ ಕೊಂಡವನಿಗೆ ಬರುವುದು ಅರ್ಧವೇ. ಆದುದರಿಂದ ಒಡೆತನವನ್ನು ನಾವೇ ಹಿಂದಿನಿಂದ ಹುಡುಕಿಕೊಂಡು ಬರಬೇಕು: ಇವನಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಕೊಂಡಿಗೆ ಕೊಂಡಿ ಕೂಡಿಸಬೇಕು. ಈ ಹಳೆಯ ಪತ್ರಗಳನ್ನೇ ವಕೀಲರು ಮೂಲಪತ್ರಗಳೆನ್ನುತ್ತಾರೆ. ಅವುಗಳನ್ನು ನೋಡಲು ಕೊಡಬೇಕಾದುದು, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ಗೊತ್ತಾಗದ ದೋಷವನ್ನು ಹೇಳಬೇಕಾದುದು ಮಾರುವವನ ಕರ್ತವ್ಯವೆಂದು 1882ರ ಸ್ವತ್ತು ಹಸ್ತಾಂತರ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಅವನು ಹೇಳದಿದ್ದರೆ ದಾವೆ ಹೂಡಬಹುದು, ನಿಜ; ಆದರೆ ದಾವೆ ಹೂಡಿ ಗೆಲ್ಲುವುದಕ್ಕಿಂತ ಮೊದಲೇ ನೋಡಿ ಬಿಡುವುದು ಲೇಸು.

ಚನ್ನಗಿರಿಯ ಮನೆ: ಕರಾರಿನ ಕಾಗದ

ಇನ್ನು ನಮ್ಮ ಮನೆಯ ಕಥೆಗೆ ಬರುತ್ತೇನೆ. ಮೂರಂಕಣದ ನಾಡಹೆಂಚಿನ ಮನೆ. ನಮ್ಮ ತಂದೆಯವರು ಅದನ್ನು 1998ರಲ್ಲಿ ಪರಿಚಯಸ್ಥರೊಬ್ಬರಿಂದ ಕೊಂಡರು. ಛಾಪಾ ಕಾಗದದ ಮೇಲೆ ಕರಾರು ಬರೆದು, ಇಬ್ಬರು ಸಾಕ್ಷಿ ಹಾಕಿ, ಹಣವನ್ನೆಲ್ಲ ಎಣಿಸಿಕೊಟ್ಟು, ಬೀಗದ ಕೈ ತೆಗೆದುಕೊಂಡರು. “ರಿಜಿಸ್ಟರ್ ಖರ್ಚು ಈಗ್ಯಾಕೆ, ಮುಂದೆ ನಿಧಾನಕ್ಕೆ ಮಾಡಿಸೋಣ, ನಾನೆಲ್ಲಿ ಹೋಗ್ತೀನಿ” ಎಂದರಂತೆ ಆ ಹಿರಿಯರು. ಅವರು ಒಳ್ಳೆಯವರೇ. ಆದರೆ 2009ರಲ್ಲಿ ತೀರಿಕೊಂಡರು. ನಮ್ಮ ತಂದೆಯವರು ವರ್ಷ ವರ್ಷವೂ ಕಂದಾಯ ಕಟ್ಟುತ್ತ ಬಂದರು. ರಸೀದಿ ಮಾತ್ರ ತೀರಿಕೊಂಡವರ ಹೆಸರಿನಲ್ಲಿಯೇ ಬರುತ್ತಿತ್ತು. 2022ರ ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿಯಿತು. ರಿಪೇರಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಅವರು ಕೇಳಿದ್ದು ಒಂದೇ ಮಾತು: “ಕ್ರಯಪತ್ರ ಎಲ್ಲಿ?” ಅಂದು ಸಂಜೆ ಅಪ್ಪ ಟ್ರಂಕನ್ನು ನನ್ನ ಮುಂದೆ ಇಟ್ಟು, “ಕಾಲೇಜು ಓದ್ತೀಯಲ್ಲ, ಇದ್ರಾಗೆ ಏನೈತೆ ನೋಡು” ಎಂದರು. ನೋಡಿದೆ. ಇಪ್ಪತ್ನಾಲ್ಕು ವರ್ಷ ನಾವು ವಾಸವಾಗಿದ್ದ ಮನೆ ಕಾನೂನಿನ ಕಣ್ಣಿಗೆ ನಮ್ಮದಾಗಿರಲಿಲ್ಲ.

ಕಾಯಿದೆ ಇಲ್ಲಿ ಸ್ಪಷ್ಟವಾಗಿದೆ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಮನೆ, ನಿವೇಶನಗಳ ಕ್ರಯ ನೋಂದಣಿಯಾದ ಪತ್ರದಿಂದ ಮಾತ್ರ ಆಗತಕ್ಕದ್ದು. ಕ್ರಯದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಇದು 54ನೆಯ ಕಲಮು. ಕರಾರು ಪಡೆದವನು ಕ್ರಯಪತ್ರ ಬರೆಸಿಕೊಡೆಂದು ದಾವೆ ಹೂಡಬಹುದು. ಆದರೆ ಅದಕ್ಕೆ ಕಾಲಮಿತಿ ಮೂರು ವರ್ಷ. ಕರಾರಿನಲ್ಲಿ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಎದುರು ಪಕ್ಷದವರು ಒಲ್ಲೆನೆಂದದ್ದು ತಿಳಿದ ದಿನದಿಂದ ಮೂರು ವರ್ಷ. ಹಣ ಕೊಟ್ಟು ಸ್ವಾಧೀನದಲ್ಲಿರುವವನನ್ನು ಹೊರಹಾಕದಂತೆ 53-ಎ ಕಲಮು ಕಾಪಾಡುತ್ತದೆ. ಆದರೆ ಅದು ಗುರಾಣಿಯಷ್ಟೇ, ಒಡೆತನ ಕೊಡುವುದಿಲ್ಲ. ಅಲ್ಲದೆ 2001ರ ಸೆಪ್ಟೆಂಬರ್ 24ರಿಂದೀಚೆಗೆ ಬರೆದ ಕರಾರು ನೋಂದಣಿಯಾಗಿರದಿದ್ದರೆ ಆ ಗುರಾಣಿಯೂ ಇಲ್ಲ. ನಮ್ಮದು 1998ರದಾದ್ದರಿಂದ ಅಷ್ಟರ ಮಟ್ಟಿಗೆ ಉಳಿದೆವು.

ಕೆಲವರು ಇನ್ನೊಂದು ಉಪಾಯ ಮಾಡುತ್ತಾರೆ. ಕ್ರಯಪತ್ರದ ಬದಲು ಸಾಮಾನ್ಯ ಅಧಿಕಾರಪತ್ರ, ಅಂದರೆ ಜಿ.ಪಿ.ಎ. ಬರೆಸಿಕೊಂಡು ಸುಮ್ಮನಿರುತ್ತಾರೆ. ಇಂತಹ ವ್ಯವಹಾರದಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಖಂಡಿತವಾಗಿ ಹೇಳಿದೆ. ಛಾಪಾ ಶುಲ್ಕ ಉಳಿಯಿತೆಂಬ ಸಂತೋಷವೂ ಹುಸಿ. ಸ್ವಾಧೀನ ಬಿಟ್ಟುಕೊಟ್ಟ ಕರಾರಿಗೆ ನಮ್ಮ ರಾಜ್ಯದಲ್ಲಿ ಕ್ರಯಪತ್ರದಷ್ಟೇ ಶುಲ್ಕ. ಕಡಿಮೆ ಶುಲ್ಕದ ಪತ್ರವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಿದರೆ ಬಾಕಿ ಶುಲ್ಕದೊಡನೆ ಅದರ ಹತ್ತರಷ್ಟು ದಂಡವನ್ನೂ ತೆರಬೇಕಾಗುತ್ತದೆ.

ನಮ್ಮ ತಂದೆಯವರು ದಾವೆಗೆ ಹೋಗಲಿಲ್ಲ. ತೀರಿಕೊಂಡವರ ಪತ್ನಿ, ಇಬ್ಬರು ಗಂಡುಮಕ್ಕಳು, ತರೀಕೆರೆಗೆ ಕೊಟ್ಟಿದ್ದ ಮಗಳು, ಈ ನಾಲ್ವರ ಮನೆಗೂ ಒಂದು ವರ್ಷ ಅಲೆದರು. ಒಬ್ಬರು ಇನ್ನಷ್ಟು ಹಣ ಕೇಳಿದರು, ಕೊಟ್ಟೆವು. ಕೊನೆಗೆ ನಾಲ್ವರೂ ಬಂದು ಸಹಿ ಹಾಕಿದರು. ಶುಲ್ಕ ಸಲ್ಲಬೇಕಾದದ್ದು 1998ರ ಬೆಲೆಗಲ್ಲ, 2023ರ ಮಾರ್ಗಸೂಚಿ ಬೆಲೆಗೆ. ಅದನ್ನು ಹೊಂದಿಸಲು ಅವ್ವನ ಎರಡು ಬಳೆ ಅಡವಿಗೆ ಹೋದವು; ಇನ್ನೂ ಬಿಡಿಸಿಕೊಂಡಿಲ್ಲ.

ನೋಂದಣಿಯ ಕ್ರಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕ್ರಯಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. ತಕ್ಕ ಕಾರಣವಿದ್ದರೆ ಇನ್ನೂ ನಾಲ್ಕು ತಿಂಗಳು ಸಿಕ್ಕುತ್ತದೆ, ದಂಡ ಸಹಿತ. ಛಾಪಾ ಶುಲ್ಕ ಸಾಮಾನ್ಯವಾಗಿ ಬೆಲೆಯ ಶೇಕಡ 5. ಅದರ ಮೇಲೆ ಉಪಕರ, ಅಧಿಭಾರ. ನೋಂದಣಿ ಶುಲ್ಕ ಶೇಕಡ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇಕಡ 2 ಆಗಿದೆ. ಮುಂಗಡವಾಗಲಿ ಕ್ರಯದ ಹಣವಾಗಲಿ 20,000 ರೂಪಾಯಿ ಮುಟ್ಟಿದರೆ ನಗದಾಗಿ ಕೊಡುವಂತಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು. ಅದು ಒಳ್ಳೆಯದೇ; ಕೊಟ್ಟದ್ದಕ್ಕೆ ಸಾಕ್ಷಿಯಾಗುತ್ತದೆ.

ಕೊಳ್ಳುವ ಮೊದಲು ಋಣಭಾರ ಪತ್ರ ತೆಗೆಸುವುದು ವಾಡಿಕೆ. ಆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿಯೂ ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಅದು ದೊರೆಯುತ್ತದೆ. ಆದರೆ ಅದರಲ್ಲಿ ನೋಂದಣಿಯಾದದ್ದು ಮಾತ್ರ ಕಾಣುತ್ತದೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ಮನೆಯಲ್ಲಿರುವ ಬಾಡಿಗೆದಾರ ಇವು ಯಾವುವೂ ಅಲ್ಲಿ ಕಾಣುವುದಿಲ್ಲ. ನಮ್ಮ ಕರಾರೂ ಅದರಲ್ಲಿ ಕಂಡಿರಲಿಲ್ಲ! ಆ ಇಪ್ಪತ್ನಾಲ್ಕು ವರ್ಷಗಳಲ್ಲಿ ಯಾರಾದರೂ ಋಣಭಾರ ಪತ್ರವನ್ನಷ್ಟೇ ನಂಬಿ ಆ ಮನೆಯನ್ನು ಕೊಂಡಿದ್ದರೆ, ಒಳಗೆ ಕುಳಿತಿದ್ದ ನಮ್ಮನ್ನು ಏನು ಮಾಡುತ್ತಿದ್ದರು? ಒಬ್ಬನು ಸ್ವಾಧೀನದಲ್ಲಿದ್ದರೆ ಅವನ ಹಕ್ಕಿನ ತಿಳಿವಳಿಕೆ ಕೊಳ್ಳುವವನಿಗೆ ಇತ್ತೆಂದೇ ಕಾನೂನು ಭಾವಿಸುತ್ತದೆ. ಆದುದರಿಂದ ಕಾಗದ ನೋಡುವ ಮುನ್ನ ಮನೆಯ ಬಾಗಿಲು ತಟ್ಟಿ, “ನೀವು ಯಾರು, ಇಲ್ಲಿ ಹೇಗಿದ್ದೀರಿ?” ಎಂದು ಕೇಳಬೇಕು. ಬಾಡಿಗೆಯೋ ಭೋಗ್ಯವೋ ಅಲ್ಲಿಯೇ ತಿಳಿದುಬಿಡುತ್ತದೆ.

ಹೊನ್ನಾಳಿಯ ಮನೆ: ಅತ್ತೆಯಂದಿರ ಸಹಿ

ಹೊನ್ನಾಳಿಯ ಗೆಳೆಯನದು ತೊಟ್ಟಿಯ ಮನೆ, ಅಜ್ಜನ ಕಾಲದ್ದು. ಅವನ ಚಿಕ್ಕಪ್ಪ ಸಾಲಕ್ಕೆ ಸಿಕ್ಕಿ ತನ್ನ ಪಾಲೆಂದು ಎರಡು ಅಂಕಣವನ್ನು ಹೊರಗಿನವರಿಗೆ ಕ್ರಯ ಮಾಡಿದರು. ಅಜ್ಜ ತೀರಿಕೊಂಡಮೇಲೆ ವಿಭಾಗಪತ್ರವಾಗಿರಲಿಲ್ಲ. ಇಬ್ಬರು ಸೋದರತ್ತೆಯರ ಸಹಿ ಯಾವ ಕಾಗದದಲ್ಲಿಯೂ ಇಲ್ಲ. “ಮದುವೆ ಮಾಡಿ ಕೊಟ್ಟಾಯಿತಲ್ಲ, ಹಬ್ಬಕ್ಕೆ ಸೀರೆ ಕಣ ಕೊಡುತ್ತೇವಲ್ಲ” ಎಂಬುದು ಮನೆಯವರ ಉತ್ತರ.

ಕಾನೂನಿನ ಉತ್ತರ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಸ್ವತ್ತಿನಲ್ಲಿ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ತಾಯಿ ಇದ್ದರೆ ಆಕೆಗೂ ಸಮಪಾಲು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟ ಮೊದಲ ರಾಜ್ಯಗಳ ಸಾಲಿನಲ್ಲಿ ನಮ್ಮ ಕರ್ನಾಟಕವೂ ಒಂದು. 1994ರ ಜುಲೈ 30ರಿಂದ ಅದು ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅನ್ವಯಿಸಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಈ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕಾದುದಿಲ್ಲವೆಂದು 2020ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಪಾಲಾಗಿದ್ದರೆ ಮಾತ್ರ ಅದನ್ನು ಕದಲಿಸುವಂತಿಲ್ಲ.

ವಾಸದ ಮನೆಯ ವಿಷಯದಲ್ಲಿ ಒಂದು ವಿಶೇಷವನ್ನು ಹೇಳಲೇಬೇಕು. 1956ರ ಕಾಯಿದೆಯಲ್ಲಿ 23ನೆಯ ಕಲಮು ಎಂದೊಂದು ಇತ್ತು. ಮನೆಮಂದಿಯೇ ವಾಸವಾಗಿರುವ ಮನೆಯಲ್ಲಿ ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಹೊಲದಲ್ಲಿ ಪಾಲು ಕೇಳಬಹುದು, ಹುಟ್ಟಿದ ಮನೆಯಲ್ಲಿ ಕೇಳಕೂಡದು! ನಲವತ್ತೊಂಬತ್ತು ವರ್ಷಗಳ ಅನಂತರ, 2005ರಲ್ಲಿ, ಆ ಕಲಮನ್ನು ತೆಗೆದುಹಾಕಲಾಯಿತು.

ಹಾಗಾದರೆ ಚಿಕ್ಕಪ್ಪನಿಂದ ಕೊಂಡ ಹೊರಗಿನವರ ಗತಿಯೇನು? ಅವರಿಗೆ ಚಿಕ್ಕಪ್ಪನಿಗಿದ್ದಷ್ಟು ಪಾಲು ಬರುತ್ತದೆ. ಆದರೆ ಅವಿಭಕ್ತ ಕುಟುಂಬದ ವಾಸದ ಮನೆಯೊಳಗೆ ಜೊತೆಯಾಗಿ ಬಂದು ಕೂರುವ ಹಕ್ಕು ಬರುವುದಿಲ್ಲ. ಪಾಲಿನ ದಾವೆಯನ್ನೇ ಹೂಡಬೇಕು. ಹೂಡಿದಾಗ ಮನೆಯವರು ನ್ಯಾಯಾಲಯ ಕಟ್ಟಿದ ಬೆಲೆಗೆ ಆ ಪಾಲನ್ನು ತಾವೇ ಕೊಂಡುಕೊಳ್ಳಲು 1893ರ ವಿಭಜನಾ ಕಾಯಿದೆ ಅವಕಾಶ ಕೊಡುತ್ತದೆ. ಗೆಳೆಯನ ಮನೆಯವರು ಈಗ ಆ ದಾರಿಯನ್ನೇ ಯೋಚಿಸುತ್ತಿದ್ದಾರೆ. ಅದಕ್ಕೆ ಅತ್ತೆಯಂದಿರನ್ನು ಕೂರಿಸಿಕೊಂಡು ಮಾತಾಡುವುದು ಅನಿವಾರ್ಯವಾಯಿತು. ಸೀರೆ ಕಣದ ಮಾತು ಬಿಟ್ಟು ಪಾಲಿನ ಮಾತು ಆ ಮನೆಯಲ್ಲಿ ಬಂದದ್ದು ಇದೇ ಮೊದಲಂತೆ. ಪಾಲು ಬೇಡವೆನ್ನುವ ಸೋದರಿ ಬಾಯಲ್ಲಿ ಹೇಳಿದರೆ ಸಾಲದು; ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಬೇಕು. ಬೇಕೆನ್ನುವ ಸೋದರಿಗೆ ಕೊಡಲೇಬೇಕು.

ಮಾರುವವರಲ್ಲಿ ಅಪ್ರಾಪ್ತ ವಯಸ್ಕರಿದ್ದರೆ ಇನ್ನೂ ಎಚ್ಚರ ಬೇಕು. ಮಗುವಿನ ಸ್ವಂತ ಸ್ವತ್ತನ್ನು ತಾಯಿತಂದೆಯರೂ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ. ಮಾರಿದರೆ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೂರು ವರ್ಷದೊಳಗೆ ಅದನ್ನು ರದ್ದುಪಡಿಸಲು ದಾವೆ ಹೂಡಬಹುದು.

ಜಗಳೂರಿನ ನಿವೇಶನ: ಹೊಲವೋ, ಮನೆಯ ಜಾಗವೋ?

ಜಗಳೂರಿನ ಗೆಳೆಯನ ತಂದೆ ಕುರಿ ಮಾರಿದ ದುಡ್ಡಿನಲ್ಲಿ ರಸ್ತೆಯ ಪಕ್ಕದಲ್ಲಿ ಒಂದು ನಿವೇಶನ ಕೊಂಡಿದ್ದಾರೆ. 30 ಅಡಿಗೆ 40 ಅಡಿ, ಅಂದರೆ 1200 ಚದರಡಿ. ಮೂಲದಲ್ಲಿ ಅದು ಖುಷ್ಕಿ ಜಮೀನು. ಒಡೆಯನು ಕಲ್ಲು ನೆಟ್ಟು ತುಂಡು ಮಾಡಿ ಮಾರಿದ. ಕಾಗದದಲ್ಲಿ ಅದು ಇಂದಿಗೂ ಗುಂಟೆಯ ಲೆಕ್ಕದ ಹೊಲವೇ. (ಒಂದು ಗುಂಟೆಗೆ 1089 ಚದರಡಿ.) ಇಂತಹುದನ್ನೇ ಜನ ರೆವಿನ್ಯೂ ಸೈಟು ಎನ್ನುತ್ತಾರೆ.

ಮನೆಯ ಜಾಗವೆನ್ನಿಸಿಕೊಳ್ಳಲು ಮುಖ್ಯವಾಗಿ ಎರಡು ದಾರಿ. ಒಂದು, ಅದು ಹಳೆಯ ಗ್ರಾಮಠಾಣದ ಒಳಗಿರಬೇಕು. ಇನ್ನೊಂದು, 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಭೂಪರಿವರ್ತನೆಯಾಗಿ, ಬಡಾವಣೆಯ ನಕ್ಷೆಗೆ ಅನುಮೋದನೆ ಸಿಕ್ಕಿರಬೇಕು. ನಕ್ಷೆಯಿಲ್ಲದ ಕಡೆ ರಸ್ತೆ, ಚರಂಡಿಗೆ ಬಿಟ್ಟ ಜಾಗ ಯಾರದ್ದೆಂಬುದೇ ಗೊತ್ತಾಗುವುದಿಲ್ಲ. ಮುಂದಿನವನು ಬೇಲಿ ಹಾಕಿದರೆ ನಮ್ಮ ಬಾಗಿಲಿಗೆ ದಾರಿಯಿರುವುದಿಲ್ಲ.

“ನಮಗೆ ಖಾತೆ ಇದೆಯಲ್ಲ” ಎಂದು ಗೆಳೆಯ ಹೇಳುತ್ತಿದ್ದ. ಖಾತೆಯೆಂಬುದು ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂದು ಬರೆದಿಡುವ ಲೆಕ್ಕ. ಅದು ಒಡೆತನದ ಪತ್ರವಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗೆಂದು ಅದನ್ನು ಬಿಡುವಂತೆಯೂ ಇಲ್ಲ. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲೆಲ್ಲ ಇ-ಖಾತೆಯಿಲ್ಲದೆ ಮನೆ, ನಿವೇಶನಗಳ ಕ್ರಯ ನೋಂದಣಿಯಾಗುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಇ-ಆಸ್ತಿ. ಪಂಚಾಯಿತಿಯ ಕಾಗದದಲ್ಲಿ ನಮೂನೆಯ ಸಂಖ್ಯೆಯನ್ನು ನೋಡಬೇಕು. ನಮೂನೆ 9 ಮತ್ತು 11-ಎ ಸಕ್ರಮ ಸ್ವತ್ತಿಗೆ. ನಮೂನೆ 11-ಬಿ ಅನುಮೋದನೆಯಿಲ್ಲದವಕ್ಕೆ. ಗೆಳೆಯನ ಮನೆಯಲ್ಲಿದ್ದದ್ದು 11-ಬಿ. ಇದರಿಂದ ತೆರಿಗೆ ಕಟ್ಟಲು ಬರುತ್ತದೆ. ಬಡಾವಣೆ ಸಕ್ರಮವಾಯಿತೆಂದು ಅರ್ಥವಲ್ಲ.

ಬರದ ಸೀಮೆಯಲ್ಲಿ ಸರ್ಕಾರ ಬಡವರಿಗೆ ಮಂಜೂರು ಮಾಡಿದ ಜಮೀನು ಬಹಳ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ ಆ ಕ್ರಯವೇ ಅಸಿಂಧು ಎಂದು ಜನ ಪಿ.ಟಿ.ಸಿ.ಎಲ್. ಎಂದು ಕರೆಯುವ 1978ರ ಕಾಯಿದೆ ವಿಧಿಸುತ್ತದೆ. ಜಮೀನು ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರಲ್ಲಿ ಅದಕ್ಕೆ ತಿದ್ದುಪಡಿಯಾಗಿದೆ. ಆದುದರಿಂದ ನಿವೇಶನದ ಪತ್ರವೊಂದನ್ನೇ ನೋಡದೆ ಅದರ ಮೂಲ ಸರ್ವೆ ನಂಬರಿನ ಹಳೆಯ ಪಹಣಿ, ಮಂಜೂರಾತಿ ದಾಖಲೆ, ಮ್ಯುಟೇಶನ್‌ಗಳನ್ನು ತೆಗೆಸಿ ಓದಬೇಕು. ಗೆಳೆಯನ ನಿವೇಶನ ಮಂಜೂರಾದದ್ದಲ್ಲವೆಂದು ತಿಳಿದು ಸಮಾಧಾನವಾಯಿತು. ಪರಿವರ್ತನೆಯ ಪ್ರಶ್ನೆ ಮಾತ್ರ ಉಳಿದಿದೆ. ಅವನ ತಂದೆ ತಳಪಾಯದ ಕಲ್ಲನ್ನು ಅಲ್ಲಿಯೇ ರಾಶಿ ಹಾಕಿಸಿ ಕಾಯುತ್ತಿದ್ದಾರೆ.

ನ್ಯಾಮತಿಯ ತಾಂಡಾ: ಕಾಗದವೇ ಇಲ್ಲದ ಮನೆ

ನಾವು ಮೂವರೂ ನಮ್ಮ ಕಾಗದದ ದೋಷಗಳನ್ನು ಹೇಳಿಕೊಂಡು ಮುಗಿಸಿದಾಗ ನಾಲ್ಕನೆಯವನು ನಕ್ಕು, “ನಿಮಗಾದರೂ ಕಾಗದ ಐತಲ್ಲೋ” ಎಂದನು. ಅವನದು ಲಂಬಾಣಿ ತಾಂಡಾ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಅವನ ತಾಲ್ಲೂಕಿನಲ್ಲಿಯೇ ಇದೆ. ವರ್ಷವರ್ಷವೂ ಅಲ್ಲಿಗೆ ದೂರದ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಆದರೆ ಎಷ್ಟೋ ತಾಂಡಾಗಳು, ಜಗಳೂರು ಕಡೆಯ ಗೊಲ್ಲರಹಟ್ಟಿಗಳಂತೆಯೇ, ಕಂದಾಯದ ದಾಖಲೆಯಲ್ಲಿ ಊರೆಂದೇ ಇರಲಿಲ್ಲ. ನೆಲ ಯಾರದೋ ಪಹಣಿಯಲ್ಲಿ, ಇಲ್ಲವೆ ಸರ್ಕಾರದ ಹೆಸರಿನಲ್ಲಿ; ಅದರ ಮೇಲೆ ಮೂರು ತಲೆಮಾರಿನ ಮನೆಗಳು. ಖಾತೆಯಿಲ್ಲ, ಸಾಲವಿಲ್ಲ. ಏಳೆಂದರೆ ಏಳಬೇಕು.

1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ “ಉಳುವವನೇ ಹೊಲದೊಡೆಯ” ಎಂಬ ಮಾತು ಮನೆಮಾತಾಯಿತು. ಅದೇ ಜಾಡಿನಲ್ಲಿ “ವಾಸಿಸುವವನೇ ಮನೆಯ ಒಡೆಯ” ಎಂಬ ಹೊಸ ಮಾತು ಹುಟ್ಟಿತು. 2016ರ ತಿದ್ದುಪಡಿಯಿಂದ ಭೂಸುಧಾರಣಾ ಕಾಯಿದೆಗೆ 38-ಎ ಕಲಮು ಸೇರಿತು. ದಾಖಲೆಯಲ್ಲಿಲ್ಲದ ತಾಂಡಾ, ಗೊಲ್ಲರಹಟ್ಟಿ, ನಾಯಕರಹಟ್ಟಿ, ಮಜರೆ ಗ್ರಾಮ, ಹಾಡಿ, ಕ್ಯಾಂಪು ಮೊದಲಾದ ಜನವಸತಿಗಳಲ್ಲಿ ಇನ್ನೊಬ್ಬರ ಖಾಸಗಿ ಜಮೀನಿನ ಮೇಲೆ ಮನೆ ಮಾಡಿಕೊಂಡಿರುವ ಕೃಷಿಕಾರ್ಮಿಕರಿಗೆ ಆ ಮನೆಯ ಒಡೆತನ ಕೊಡುವುದು ಅದರ ಉದ್ದೇಶ. ಹಳ್ಳಿಯಲ್ಲಿ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯಿದೆಯ 94-ಸಿ, ಪಟ್ಟಣದವರಿಗೆ 94-ಸಿಸಿ ಕಲಮುಗಳಿವೆ. ಇಂತಹ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ, 2025ರ ಮೇ 20ರಂದು ಹೊಸಪೇಟೆಯಲ್ಲಿ ಲಕ್ಷಕ್ಕೂ ಮೀರಿದ ಕುಟುಂಬಗಳಿಗೆ ಹಕ್ಕುಪತ್ರ ನೀಡಲಾಯಿತು.

ಗೆಳೆಯನ ಅಜ್ಜಿಗೂ ಹಕ್ಕುಪತ್ರ ಬಂದಿದೆ. ಓದಲು ಬಾರದ ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಗುಡಾಣದಲ್ಲಿಟ್ಟಿದ್ದಾರಂತೆ. “ಇದನ್ನು ಮಾರಬಹುದೆ, ಸಾಲಕ್ಕೆ ಇಡಬಹುದೆ?” ಎಂಬುದು ತಾಂಡಾದವರ ಪ್ರಶ್ನೆ. ಹಕ್ಕುಪತ್ರದಲ್ಲಿಯೇ ಷರತ್ತುಗಳಿರುತ್ತವೆ, ಇಷ್ಟು ವರ್ಷ ಪರಭಾರೆ ಮಾಡಕೂಡದೆಂದಿದ್ದರೆ ಮಾಡಕೂಡದು. ಷರತ್ತು ಮುರಿದು ಕೊಂಡವನ ಹಣವೂ ಹೋಗುತ್ತದೆ, ಮಾರಿದವನ ಮನೆಯೂ ಹೋಗುತ್ತದೆ. ಆಶ್ರಯ ಮನೆ, ನಿವೇಶನಗಳಿಗೂ ಇದೇ ಮಾತು. ಹಕ್ಕುಪತ್ರ ಬಂದೊಡನೆ ಅದರ ಅಳತೆ, ಚೆಕ್ಕುಬಂದಿ, ಹೆಸರಿನ ಕಾಗುಣಿತಗಳನ್ನು ಸರಿನೋಡಿ ಖಾತೆ ಮಾಡಿಸಿಕೊಳ್ಳಬೇಕು. ಈ ಕೆಲಸವನ್ನು ಗೆಳೆಯ ತನ್ನ ತಾಂಡಾದಲ್ಲಿ ಮನೆಮನೆಗೂ ಹೋಗಿ ಮಾಡುತ್ತಿದ್ದಾನೆ. ಕಾಗದ ಓದಬಲ್ಲವನೊಬ್ಬ ಅಲ್ಲಿರುವುದು ಎಷ್ಟು ದೊಡ್ಡ ಉಪಕಾರ ಎಂಬುದು ಅವನ ಮಾತು ಕೇಳಿದಾಗ ನನಗೆ ಹೊಳೆಯಿತು.

ಮನೆ ನಮ್ಮದಾದ ಮೇಲೆ

ಒಡೆತನ ಬಂದೊಡನೆ ಎಲ್ಲ ಮುಗಿಯಿತೆಂದಲ್ಲ. ನೆರೆಹೊರೆಯ ಜಗಳಗಳಲ್ಲಿ ಹೆಚ್ಚಿನವು ಸೂರಿನ ನೀರು, ಕಿಟಕಿ, ನಡುಗೋಡೆ, ಓಣಿಗಳಿಂದಲೇ ಹುಟ್ಟುತ್ತವೆ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕೆಂದೇ ಅನುಭವಿಸಿದ ಗಾಳಿ ಬೆಳಕು, ದಾರಿ, ನೀರು ಬೀಳುವ ಜಾಗಗಳಿಗೆ ಕಾನೂನಿನ ರಕ್ಷಣೆಯುಂಟು. ಇಂಗ್ಲೆಂಡಿನಲ್ಲಿಯೂ 1832ರಿಂದ ಇದೇ ಇಪ್ಪತ್ತು ವರ್ಷದ ಲೆಕ್ಕ. ಇನ್ನೊಬ್ಬನು ನಮ್ಮ ಜಾಗವನ್ನು ತನ್ನದೆಂದು ಬಹಿರಂಗವಾಗಿ ಸಾರಿ ಹನ್ನೆರಡು ವರ್ಷ ಸ್ವಾಧೀನದಲ್ಲಿಟ್ಟುಕೊಂಡರೆ ನಾವು ಹಕ್ಕು ಕಳೆದುಕೊಳ್ಳಬಹುದು. ಆದರೆ ಬಾಡಿಗೆದಾರನು ಎಷ್ಟೇ ವರ್ಷವಿದ್ದರೂ ಬಾಡಿಗೆದಾರನಾಗಿ ಇದ್ದಮಾತ್ರಕ್ಕೆ ಒಡೆಯನಾಗುವುದಿಲ್ಲ.

ಮೂಲಪತ್ರವನ್ನಿಟ್ಟು ಸಾಲ ತೆಗೆದವರು ಒಂದು ನಿಯಮವನ್ನು ತಿಳಿದಿರಬೇಕು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕ್ರಯಪತ್ರ ಗೆದ್ದಲು ಹಿಡಿದುಹೋಗಿದ್ದರೆ ಹೆದರಬೇಕಾಗಿಲ್ಲ. ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅದರ ದೃಢೀಕೃತ ನಕಲು ಸಿಗುತ್ತದೆ.

ಇಷ್ಟನ್ನು ಹೇಳಿ ಕೊನೆಗೆ ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳನ್ನು ಒಂದೆಡೆ ಕೂಡಿಸುತ್ತೇನೆ. ಒಂದು, ಮಾರುವವನಿಗೆ ಇದು ಹೇಗೆ ಬಂತು, ಮೂಲಪತ್ರಗಳೆಲ್ಲಿ? ಎರಡು, ಅವನ ಜೊತೆ ಇನ್ನು ಯಾರ ಹಕ್ಕಿದೆ. ತಾಯಿ, ಅಕ್ಕತಂಗಿಯರು, ಚಿಕ್ಕಮಕ್ಕಳು ಇದ್ದಾರೆಯೆ? ಮೂರು, ನೆಲ ಗ್ರಾಮಠಾಣದ್ದೋ, ಪರಿವರ್ತನೆಯಾದದ್ದೋ, ಮಂಜೂರಾದದ್ದೋ? ನಾಲ್ಕು, ಋಣಭಾರ ಪತ್ರದಲ್ಲಿ ಏನಿದೆ, ನ್ಯಾಯಾಲಯದಲ್ಲಿ ದಾವೆಯಿದೆಯೆ? ದಾವೆ ನಡೆಯುತ್ತಿರುವಾಗ ಕೊಂಡವನು ಅದರ ತೀರ್ಪಿಗೆ ಬದ್ಧನಾಗುತ್ತಾನೆ. ಐದು, ಮನೆಯೊಳಗೆ ಯಾರಿದ್ದಾರೆ? ಆರು, ಪತ್ರದ ಚೆಕ್ಕುಬಂದಿಯೂ ನೆಲದ ಅಳತೆಯೂ ಹೊಂದುತ್ತವೆಯೆ? ಏಳು, ಕ್ರಯಪತ್ರದ ನೋಂದಣಿ ಎಂದು, ಖಾತೆ ಬದಲಾವಣೆ ಎಂದು?

ಮಿತ್ರರೇ, ನಮ್ಮಲ್ಲಿ ಅನೇಕರು ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ನಮ್ಮ ಹಿರಿಯರು ನಂಬಿಕೆಯ ಮೇಲೆ ಹೆಬ್ಬೆಟ್ಟು ಒತ್ತಿದ ಕಾಗದಗಳನ್ನು ಪೂರ್ತಿಯಾಗಿ ಓದಬಲ್ಲವರು ನಾವೇ. ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ಮಧ್ಯಾಹ್ನ ಟ್ರಂಕನ್ನು ಇಳಿಸಿ, ಪತ್ರಗಳನ್ನು ಇಸವಿಯ ಪ್ರಕಾರ ಜೋಡಿಸಿ, ತಂದೆತಾಯಿಯರ ಎದುರಿಗೆ ಗಟ್ಟಿಯಾಗಿ ಓದಿರಿ. ಅಕ್ಕತಂಗಿಯರನ್ನೂ ಕೂರಿಸಿಕೊಳ್ಳಿರಿ. ಬರೆದುಕೊಟ್ಟವರು ಬದುಕಿರುವಾಗಲೇ ಸರಿಪಡಿಸುವುದು ಸುಲಭ. ನಮ್ಮ ತಂದೆಯವರು ಆ ಕೆಲಸವನ್ನು ಹತ್ತು ಹದಿನೈದು ವರ್ಷ ಮುಂಚೆ ಮಾಡಿದ್ದರೆ ಅವ್ವನ ಬಳೆಗಳು ಇಂದು ಕೈಯಲ್ಲಿರುತ್ತಿದ್ದವು.